ಮಾತ್ರೆಯ ಮೂಲ ಹೆಸರು ಕೇಳಿ ತಿಳಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಫಿ, ಕರಿಮೆಣಸಿನ ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ. ಸಕ್ಕರೆ ಕಾಯಿಲೆಯ ಮಾತ್ರೆ ದಿನಾ ಬೇಕು, ಕೆಲವರಿಗೆ ಎರಡು ಹೊತ್ತೂ ಬೇಕು. ತೋಟದ ಲೈನ್ ಮನೆಗಳಲ್ಲಿರುವವರಂತೂ ವಾರದ ಬಟವಾಡೆಯಲ್ಲೇ ಅಕ್ಕಿ, ಎಣ್ಣೆ, ಮಕ್ಕಳ ಬಸ್ ಚಾರ್ಜು ಎಲ್ಲವನ್ನೂ ಹೊಂದಿಸಬೇಕು. ಅದರ ಮೇಲೆ ತಿಂಗಳಿಗೆ ಸಾವಿರ, ಎರಡು ಸಾವಿರ ಮೆಡಿಕಲ್ ಶಾಪಿಗೆ ಕೊಡಿ ಎಂದರೆ ಎಲ್ಲಿಂದ ತರುವುದು? ಔಷಧಿ ಕೊಡುವ ಕಿಟಕಿಯ ಒಳಗೆ ನಿಂತು ಎಷ್ಟೋ ವರ್ಷ ಕೆಲಸ ಮಾಡಿದವನು ನಾನು. ಮಳೆಗಾಲದಲ್ಲಿ ಕೈ ಬರಿದಾದಾಗ ಜನ ಮೊದಲು ಬಿಡುವುದು ಈ ಮಾತ್ರೆಯನ್ನೇ. ಹಲ್ಲು ನೋವಿನ ಮಾತ್ರೆಯನ್ನು ಯಾರೂ ಬಿಡುವುದಿಲ್ಲ, ನೋವು ಬಿಡಲು ಕೊಡುವುದಿಲ್ಲ. ಸಕ್ಕರೆ ಹಾಗಲ್ಲ. ಏರಿದ್ದು ಗೊತ್ತೇ ಆಗುವುದಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಾರೆ, ಅರ್ಧ ಮುರಿದು ನುಂಗುತ್ತಾರೆ. ಕಣ್ಣು ಮಂಜಾದಾಗ, ಕಾಲಿನ ಗಾಯ ಮಾಯದಿದ್ದಾಗ, ಕಿಡ್ನಿ ಸೋತಾಗ ಗೊತ್ತಾಗುತ್ತದೆ. ಉಳಿಸಿದ ನೂರಕ್ಕೆ ಲಕ್ಷ ತೆರಬೇಕಾಗಿ ಬರುತ್ತದೆ.

ಮಾತ್ರೆ ಬಿಡದೆಯೇ ಖರ್ಚು ಇಳಿಸುವ ದಾರಿ ಇದೆ. ಅದು ಶುರುವಾಗುವುದು ಮೆಡಿಕಲ್ ಶಾಪಿನಲ್ಲಲ್ಲ, ಡಾಕ್ಟರ ಮುಂದಿನ ಕುರ್ಚಿಯಲ್ಲಿ.

ಪ್ರತಿ ಮಾತ್ರೆಗೂ ಎರಡು ಹೆಸರು. ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಒಳಗಿರುವ ಔಷಧಿಯ ಹೆಸರು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಸಿಟಾಗ್ಲಿಪ್ಟಿನ್ ಇವೆಲ್ಲ ಮೂಲ ಹೆಸರುಗಳು. ಒಂದೇ ಮೂಲ ಔಷಧಿಯನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ, ಬೆಲೆಯಲ್ಲಿ ಮೂರು ಪಟ್ಟು, ನಾಲ್ಕು ಪಟ್ಟು ಅಂತರ ಇರುವುದೂ ಉಂಟು. ಒಂದೇ ಔಷಧಿ ಇರುವ ಮಾತ್ರೆಯಾದರೆ ಮೂಲ ಹೆಸರನ್ನು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮ 2018ರಲ್ಲಿ ಜಾರಿಗೆ ಬಂತು. ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ನೋಡಿ. ಅಕ್ಷರ ಕಾಣದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಓದಿಸಿ. ಹೆಸರಿನ ಮುಂದೆ 500 ಎಂದೋ 50 ಎಂದೋ ಮಿಲಿಗ್ರಾಂ ಇರುತ್ತದೆ, ಅದನ್ನೂ ಬರೆಸಿಟ್ಟುಕೊಳ್ಳಿ.

ಈ ಹೆಸರು ತಿಳಿಯದೆ ಇದ್ದರೆ ದುಡ್ಡು ಮಾತ್ರ ಹೋಗುವುದಿಲ್ಲ. ನಾಪೋಕ್ಲು ಕಡೆಯ ಒಬ್ಬ ಅಜ್ಜ ಒಮ್ಮೆ ಎರಡು ಸ್ಟ್ರಿಪ್ ತಂದು ಕಿಟಕಿಯ ಹಲಗೆಯ ಮೇಲೆ ಇಟ್ಟರು. ಒಂದು ಊರಿನ ಡಾಕ್ಟರು ಬರೆದದ್ದು, ಇನ್ನೊಂದು ಮಗನ ಮನೆಗೆ ಹೋದಾಗ ಪೇಟೆಯ ಡಾಕ್ಟರು ಬರೆದದ್ದು. ಎರಡನ್ನೂ ನುಂಗುತ್ತಿದ್ದರು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ತೋಟದಲ್ಲಿ ನಿಂತಲ್ಲೇ ಕಣ್ಣು ಕತ್ತಲೆ. ವಯಸ್ಸಾಯಿತು ಅಂದುಕೊಂಡಿದ್ದರು. ಎರಡು ಸ್ಟ್ರಿಪ್ಪನ್ನೂ ತಿರುಗಿಸಿ ನೋಡಿದರೆ ಎರಡರಲ್ಲೂ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500. "ಅಜ್ಜಾ, ಇವೆರಡೂ ಒಂದೇ ಮಾತ್ರೆ" ಎಂದೆ. "ಬಣ್ಣ ಬೇರೆ ಉಂಟಲ್ಲ?" ಎಂದರು. ದುಪ್ಪಟ್ಟು ಹಣ ಕೊಟ್ಟು ದುಪ್ಪಟ್ಟು ಮಾತ್ರೆ ತಿಂದು ಸಕ್ಕರೆ ತೀರ ಕೆಳಗಿಳಿಯುತ್ತಿತ್ತು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆವು. ಆದ್ದರಿಂದ ಯಾವ ಡಾಕ್ಟರ ಹತ್ತಿರ ಹೋದರೂ ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ಡಾಕ್ಟರ ಹತ್ತಿರವೇ ಯಾಕೆ ಕೇಳಬೇಕು, ಅಂಗಡಿಯವರೇ ಅಗ್ಗದ್ದು ಕೊಡಬಾರದೇ ಎಂದು ನೀವು ಕೇಳಬಹುದು. ನಮ್ಮ ದೇಶದ ಔಷಧಿ ನಿಯಮದ ಪ್ರಕಾರ ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ, ಒಳಗಿನ ಔಷಧಿ ಅದೇ ಆಗಿದ್ದರೂ, ಬೇರೆ ಕಂಪನಿಯದನ್ನು ಬದಲಾಗಿ ಕೊಡಲು ಅಂಗಡಿಯವರಿಗೆ ಅಧಿಕಾರವಿಲ್ಲ. ಚೀಟಿಯಲ್ಲಿ ಮೂಲ ಹೆಸರೇ ಇದ್ದರೆ ಮಾತು ಬೇರೆ. ವೈದ್ಯರು ಮೂಲ ಹೆಸರನ್ನು, ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ತನ್ನ ನಿಯಮಾವಳಿಗೆ ತಿದ್ದುಪಡಿ ತಂದಿತ್ತು. ಹಾಗಾಗಿ ಕೇಳುವುದರಲ್ಲಿ ಸಂಕೋಚ ಬೇಡ. "ಡಾಕ್ಟ್ರೇ, ತಿಂಗಳಿಗೆ ಇಷ್ಟು ಕೊಡಲು ನನಗೆ ಕಷ್ಟ ಆಗ್ತದೆ. ಮೂಲ ಹೆಸರಲ್ಲಿ ಬರೆದುಕೊಡ್ತೀರಾ?" ಇಷ್ಟು ಸಾಕು. ಸಿಟ್ಟಾಗುವ ವೈದ್ಯರು ಕಡಿಮೆ. ಔಷಧಿಯ ಬೆಲೆ ಎಷ್ಟೆಂದು ಅವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ, ರೋಗಿ ಬಾಯಿ ಬಿಟ್ಟರೆ ಮಾತ್ರ ತಿಳಿಯುತ್ತದೆ.

ಬೆಲೆ ಇಳಿದ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ. ಹೊಸ ಔಷಧಿ ಕಂಡುಹಿಡಿದ ಕಂಪನಿಗೆ 20 ವರ್ಷದ ಪೇಟೆಂಟ್ ಇರುತ್ತದೆ. ಅಷ್ಟು ಕಾಲ ಬೇರೆಯವರು ಅದನ್ನು ತಯಾರಿಸುವಂತಿಲ್ಲ, ಬೆಲೆಯೂ ಇಳಿಯುವುದಿಲ್ಲ. ಪೇಟೆಂಟ್ ಮುಗಿದ ಕೂಡಲೇ ಹತ್ತಾರು ಕಂಪನಿಗಳು ಇಳಿಯುತ್ತವೆ. ಸಕ್ಕರೆ ಕಾಯಿಲೆಯ ಔಷಧಿಗಳಲ್ಲಿ ವಿಲ್ಡಾಗ್ಲಿಪ್ಟಿನ್‌ಗೆ 2019ರ ಕೊನೆಯಲ್ಲಿ, ಡಾಪಾಗ್ಲಿಫ್ಲೋಜಿನ್‌ಗೆ 2020ರಲ್ಲಿ, ಸಿಟಾಗ್ಲಿಪ್ಟಿನ್‌ಗೆ 2022ರ ಜುಲೈಯಲ್ಲಿ ಹೀಗಾಯಿತು. ಎಂಪಾಗ್ಲಿಫ್ಲೋಜಿನ್ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚಿನಲ್ಲಿ ಪೇಟೆಂಟ್ ಮುಗಿದು ಕೆಲವು ಕಂಪನಿಗಳದ್ದು ಹತ್ತರಲ್ಲೊಂದು ಪಾಲಿಗೆ ಬಂತು. ಆದರೆ ಹಳೆಯ ಚೀಟಿ ಹಿಡಿದು ಅದೇ ಕಂಪನಿಯ ಮಾತ್ರೆ ಕೇಳಿದರೆ ಈ ಇಳಿಕೆಯ ಲಾಭ ನಿಮಗೆ ಪೂರ್ತಿ ಸಿಗುವುದಿಲ್ಲ. ಎರಡು ಮೂರು ವರ್ಷದಿಂದ ಒಂದೇ ಚೀಟಿಯಲ್ಲಿ ಔಷಧಿ ತರುತ್ತಿರುವವರು ದಯವಿಟ್ಟು ಒಮ್ಮೆ ಡಾಕ್ಟರಿಗೆ ತೋರಿಸಿ.

ಜನೌಷಧಿ ಕೇಂದ್ರಗಳ ಹೆಸರು ನೀವೆಲ್ಲ ಕೇಳಿದ್ದೀರಿ. ಮೂಲ ಹೆಸರಿನ ಔಷಧಿಯನ್ನು ಅಗ್ಗದ ಬೆಲೆಗೆ ಮಾರಲು ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ಯೋಜನೆ ಇದು. 2022ರಲ್ಲಿ ಸಿಟಾಗ್ಲಿಪ್ಟಿನ್ 50 ಮಿಲಿಗ್ರಾಂನ ಹತ್ತು ಮಾತ್ರೆಗೆ ಅಲ್ಲಿ 60 ರೂಪಾಯಿ ಇಟ್ಟಾಗ, ಪೇಟೆಯ ಕಂಪನಿಗಳು ಸಿಟಾಗ್ಲಿಪ್ಟಿನ್ ಮಾತ್ರೆಗಳಿಗೆ 160ರಿಂದ 258 ರೂಪಾಯಿವರೆಗೆ ಪಡೆಯುತ್ತಿದ್ದವು. ಅಗ್ಗದ್ದು ಕೆಲಸ ಮಾಡುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ. ಅಲ್ಲಿಗೆ ಬರುವ ಔಷಧಿಯ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಅಷ್ಟಾದರೂ ಅನುಮಾನ ಇದ್ದರೆ ನಿಮ್ಮ ರಕ್ತವೇ ಹೇಳಲಿ: ಮಾತ್ರೆ ಬದಲಿಸಿದ ಮೇಲೆ ಎರಡು ವಾರ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ ಪರೀಕ್ಷೆ ಮಾಡಿಸಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ, ಅಂದರೆ ಅಷ್ಟೂ ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, ಮಾಡಿಸಿ. ಸಂಖ್ಯೆ ಮೊದಲಿನಂತೆಯೇ ಇದ್ದರೆ ಹೆದರಿಕೆ ಯಾಕೆ? ಹೋಗುವ ಮೊದಲು ಫೋನಿನಲ್ಲಿ 'ಜನೌಷಧಿ ಸುಗಮ್' ಆ್ಯಪ್ ತೆರೆದರೆ ಹತ್ತಿರದ ಕೇಂದ್ರ ಎಲ್ಲಿದೆ, ಔಷಧಿಯ ಬೆಲೆ ಎಷ್ಟು ಎಂದು ಕಾಣುತ್ತದೆ. ಪೇಟೆಯ ಬೇರೆ ಕಂಪನಿಗಳ ಬೆಲೆ ಹೋಲಿಸಲು ಸರ್ಕಾರದ್ದೇ 'ಫಾರ್ಮಾ ಸಹಿ ದಾಮ್' ಇದೆ. ಕೇಂದ್ರದಲ್ಲಿ ಒಮ್ಮೊಮ್ಮೆ ದಾಸ್ತಾನು ಇರುವುದಿಲ್ಲ ಎಂಬುದು ನಿಜವಾದ ತೊಂದರೆ. ದೂರದಿಂದ ಬಸ್ಸು ಹತ್ತಿ ಬರುವವರು ಫೋನ್ ಮಾಡಿ ವಿಚಾರಿಸಿಯೇ ಹೊರಡಿ.

ಶೇಕಡಾ 20 ರಿಯಾಯಿತಿ ಎಂಬ ಬೋರ್ಡಿಗೆ ಮನಸೋಲಬೇಡಿ. ದುಬಾರಿ ಹೆಸರಿನ ಮೇಲೆ ಇಪ್ಪತ್ತು ಕಳೆದರೂ ಅದು ದುಬಾರಿಯೇ. ಇನ್ನೊಂದು, ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಜೆನೆರಿಕ್, ಅಂದರೆ ಮೂಲ ಹೆಸರಿನ ಔಷಧಿ, ಎಂದು ಕೊಡುವ ಕೆಲವು ಮಾತ್ರೆಗಳ ಮೇಲೂ ಎಂಆರ್‌ಪಿಯನ್ನು ಏರಿಸಿ ಮುದ್ರಿಸಿರುತ್ತಾರೆ. ಅಂಗಡಿಗೆ ಬೀಳುವ ಬೆಲೆ ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಅಲ್ಲಿ ಚೌಕಾಸಿ ಮಾಡಬಹುದು, ಮಾಡಬೇಕು. ಲೆಕ್ಕ ಹಾಕುವಾಗ ಸ್ಟ್ರಿಪ್ಪಿನ ಬೆಲೆ ನೋಡಬೇಡಿ. ಒಂದರಲ್ಲಿ ಹತ್ತು ಮಾತ್ರೆ, ಇನ್ನೊಂದರಲ್ಲಿ ಹದಿನೈದು ಇರುತ್ತದೆ. ಭಾಗಿಸಿ, ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ನೋಡಿ.

ಇನ್ನು ಪೂರ್ತಿ ಉಚಿತವಾಗಿ ಸಿಗುವ ಜಾಗ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಲ್ಲೆಲ್ಲ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಮುಖ್ಯ ಮಾತ್ರೆಗಳನ್ನು ದುಡ್ಡಿಲ್ಲದೆ ಕೊಡುವ ವ್ಯವಸ್ಥೆ ಇದೆ. ಸಕ್ಕರೆ, ರಕ್ತದೊತ್ತಡ ಇದ್ದವರ ಹೆಸರು ಬರೆದು ಪುಸ್ತಕ ಕೊಡುತ್ತಾರೆ. ನಿಮ್ಮ ಹಾಡಿಗೆ, ಲೈನಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಹೋಗಬೇಕೆಂದು ಹೇಳುತ್ತಾರೆ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಆಸ್ಪತ್ರೆಗೆ ದಾಖಲಾದಾಗ ಒದಗುವುದು, ದಿನನಿತ್ಯದ ಮಾತ್ರೆಗೆ ಅಲ್ಲ.

ಒಂದು ಎಚ್ಚರಿಕೆ. ಔಷಧಿ ದುಬಾರಿ ಎಂದು ನೀವಾಗಿಯೇ ಬಿಟ್ಟು ಹಳೆಯ ಮಾತ್ರೆಗೆ ಹೋಗಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೃದಯ ಮತ್ತು ಕಿಡ್ನಿಯನ್ನೂ ಕಾಯುತ್ತವೆ, ಆ ಕಾರಣಕ್ಕೇ ನಿಮಗೆ ಬರೆದಿರಬಹುದು. ಬದಲಿಸಬೇಕಾದದ್ದು ಕಂಪನಿಯನ್ನು, ಔಷಧಿಯನ್ನಲ್ಲ. ಔಷಧಿಯನ್ನೇ ಬದಲಿಸಬಹುದೇ ಎಂಬುದನ್ನು ಡಾಕ್ಟರೇ ಹೇಳಬೇಕು. ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಇಆರ್ ಎಂದಿರುವ ಮೆಟ್‌ಫಾರ್ಮಿನ್ ನಿಧಾನವಾಗಿ ಕರಗಲೆಂದೇ ಮಾಡಿದ್ದು, ಅದನ್ನು ಜಗಿಯಬಾರದು, ಪುಡಿ ಮಾಡಬಾರದು, ಡಾಕ್ಟರು ಹೇಳದೆ ಮುರಿಯಲೂಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಚುಚ್ಚಿಕೊಳ್ಳುವ ಪೆನ್ನಿನ ಖರ್ಚು ಹೆಚ್ಚು. ಹ್ಯೂಮನ್ ಇನ್ಸುಲಿನ್ನಿನ ಬಾಟಲಿ ಬಹಳ ಅಗ್ಗ, 10 ಮಿಲಿಲೀಟರಿನಲ್ಲಿ 400 ಯೂನಿಟ್ ಇರುತ್ತದೆ. ಪೆನ್ನಿನ ಕಾರ್ಟ್ರಿಜ್ಜಿನಲ್ಲಿ 3 ಮಿಲಿಲೀಟರಿಗೇ 300 ಯೂನಿಟ್. ಅಂದರೆ ಎರಡರ ಗಾಢತೆ ಬೇರೆ: ಬಾಟಲಿಯದು ಮಿಲಿಲೀಟರಿಗೆ 40 ಯೂನಿಟ್, ಕಾರ್ಟ್ರಿಜ್ಜಿನದು 100. ಡಾಕ್ಟರು ಒಪ್ಪಿ ಬಾಟಲಿಗೆ ಬದಲಾದರೆ ಸಿರಿಂಜಿನ ಟೋಪಿಯ ಬಣ್ಣ ನೋಡಿ: 40ರ ಇನ್ಸುಲಿನ್‌ಗೆ ಕೆಂಪು ಟೋಪಿ, 100ರ ಇನ್ಸುಲಿನ್‌ಗೆ ಕೇಸರಿ ಟೋಪಿ. 100ರ ಇನ್ಸುಲಿನ್ನನ್ನು ಕೆಂಪು ಟೋಪಿಯ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಮದ್ದು ಮೈಗೆ ಸೇರುತ್ತದೆ, ಪ್ರಾಣಕ್ಕೇ ಕುತ್ತು.

ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವಾಗ ಒಂದು ತಿಂಗಳ ಮಾತ್ರೆಯನ್ನೂ ಕೂಡಿಡಿ. ಬರೆ ಕುಸಿದು ರಸ್ತೆ ಮುಚ್ಚಿದಾಗ ಸಿಕ್ಕ ಅಂಗಡಿಯಲ್ಲಿ ಸಿಕ್ಕ ಬೆಲೆಗೆ ಕೊಳ್ಳುವುದು ತಪ್ಪುತ್ತದೆ. ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ನಮ್ಮ ಜೂನ್ ಜುಲೈಯ ಥಂಡಿಗೆ ಅದು ಹಾಳಾಗುತ್ತದೆ. ಸ್ಟ್ರಿಪ್ ಸಮೇತ ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಕರೆಂಟ್ ಹೋಯಿತೆಂದು ಬಳಸುತ್ತಿರುವ ಇನ್ಸುಲಿನ್ ಬಾಟಲಿಯನ್ನು ಎಸೆಯಬೇಕಾಗಿಲ್ಲ, ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಒಳಕೋಣೆಯ ಕಪಾಟಿನಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು ಹೆಪ್ಪುಗಟ್ಟಿದ್ದನ್ನು ಮಾತ್ರ, ಕರಗಿದ ಮೇಲೂ ಚುಚ್ಚಿಕೊಳ್ಳಬೇಡಿ.

ನಮಸ್ಕಾರ.