ನಾಲ್ಕು ದಿನದ ಪೌರತ್ವ

ಕೇಳುಗರಿಗೆ ನಮಸ್ಕಾರ.

ಭಗತ್ ಸಿಂಗ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಮುಖ ಯಾವುದು ಅಂತ ನನಗೆ ಗೊತ್ತು. ಹ್ಯಾಟು, ಚೂಪು ಮೀಸೆ, ಇಪ್ಪತ್ತರ ಪ್ರಾಯ. ಇವತ್ತು ನಾನು ಹೇಳಲು ಹೊರಟಿರುವುದು ಅವರ ಕಥೆಯಲ್ಲ. ಇವರು ಭಗತ್ ಸಿಂಗ್ ಥಿಂದ್. ಅವರಿಗಿಂತ ಹದಿನೈದು ವರ್ಷ ದೊಡ್ಡವರು. ಅಮೃತಸರ ಜಿಲ್ಲೆಯ ತಾರಾಗಢ ಎಂಬ ಹಳ್ಳಿಯವರು. ಬ್ರಿಟಿಷರನ್ನು ಕಂಡರೆ ಇವರಿಗೂ ಆಗುತ್ತಿರಲಿಲ್ಲ. ಆದರೆ ಇವರು ಜೀವನದಲ್ಲಿ ಜಾಸ್ತಿ ಗುದ್ದಾಡಿದ್ದು ಬ್ರಿಟಿಷರ ಜೊತೆಗಲ್ಲ, ಅಮೆರಿಕದ ಒಂದು ಸರ್ಕಾರಿ ಇಲಾಖೆಯ ಜೊತೆ. ಒಂದು ಪೌರತ್ವದ ಸರ್ಟಿಫಿಕೇಟಿಗಾಗಿ. ಅದನ್ನು ಅವರು ಮೂರು ಸಲ ಪಡೆದರು. ಎರಡು ಸಲ ಕಳೆದುಕೊಂಡರು.

ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಓದಿದ ಹುಡುಗ. 1913ರ ಜುಲೈ 4ರಂದು ಹಡಗಿನಲ್ಲಿ ಸಿಯಾಟಲ್‌ಗೆ ಬಂದು ಇಳಿದರು. ಅದು ಅಮೆರಿಕದ ಸ್ವಾತಂತ್ರ್ಯ ದಿನ. ಓದುವ ಆಸೆಯಿಂದ ಬಂದವರು. ಹೊಟ್ಟೆಪಾಡಿಗೆ ಆರಿಗನ್ ರಾಜ್ಯದ ಸಾಮಿಲ್ಲುಗಳಲ್ಲಿ ದುಡಿದರು. ಆ ಕಾಲಕ್ಕೆ ಅಲ್ಲಿನ ಸಾಮಿಲ್ಲುಗಳಲ್ಲಿ ಪಂಜಾಬಿಗಳು ಬಹಳ ಜನ ಇದ್ದರು. ಅಲ್ಲೇ ಆಸ್ಟೋರಿಯಾ ಎಂಬ ಊರಿನಲ್ಲಿ, ದಂಗೆ ಎದ್ದು ಬ್ರಿಟಿಷರನ್ನು ಭಾರತದಿಂದ ಓಡಿಸಬೇಕು ಅನ್ನುತ್ತಿದ್ದ ಗದರ್ ಪಕ್ಷ ಹುಟ್ಟಿದ್ದೂ ಅದೇ 1913ರಲ್ಲಿ. ಥಿಂದ್ ಆ ಗುಂಪಿನವರ ಸ್ನೇಹದಲ್ಲಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಫೈಲಿನಲ್ಲಿ ಬರುತ್ತದೆ.

1918ರ ಜುಲೈ 22ರಂದು ಅವರು ಅಮೆರಿಕದ ಸೈನ್ಯ ಸೇರಿದರು. ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳು. ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್ ಎಂಬಲ್ಲಿ ತರಬೇತಿ. ಪೇಟ ತೆಗೆಯಲಿಲ್ಲ. ಸಮವಸ್ತ್ರದ ಮೇಲೆ ಪೇಟ ಸುತ್ತಿಕೊಂಡೇ ನಿಂತಿರುವ ಅವರ ಫೋಟೋ ಇವತ್ತಿಗೂ ಇದೆ. ನವೆಂಬರ್ 8ಕ್ಕೆ ಹಂಗಾಮಿ ಸಾರ್ಜೆಂಟ್ ಆದರು. ಮೂರೇ ದಿನಕ್ಕೆ, ನವೆಂಬರ್ 11ಕ್ಕೆ ಯುದ್ಧವೇ ನಿಂತುಹೋಯಿತು.

ಈಗ ಆಗಿನ ಪೌರತ್ವದ ಕಾನೂನು ಸ್ವಲ್ಪ ಹೇಳಬೇಕು. ಮಾಮೂಲಿ ದಾರಿ ಹೀಗಿತ್ತು. ಮೊದಲು ‘ನನಗೆ ಈ ದೇಶದ ಪ್ರಜೆಯಾಗುವ ಮನಸ್ಸಿದೆ’ ಅಂತ ಒಂದು ಘೋಷಣೆ ಕೊಡಬೇಕು. ಅದಕ್ಕೆ ಜನ ‘ಫಸ್ಟ್ ಪೇಪರ್’ ಅನ್ನುತ್ತಿದ್ದರು. ಐದು ವರ್ಷ ಅಲ್ಲೇ ವಾಸ ಮಾಡಿರಬೇಕು. ಆಮೇಲೆ ಕೋರ್ಟಿಗೆ ಅರ್ಜಿ, ಇಬ್ಬರು ಸಾಕ್ಷಿಗಳು. ಪೌರತ್ವ ಕೊಡುವುದು ನ್ಯಾಯಾಧೀಶರು. ಆದರೆ ಪಕ್ಕದಲ್ಲಿ ಪೌರತ್ವ ಇಲಾಖೆಯ ಪರೀಕ್ಷಕ ಕೂತಿರುತ್ತಾನೆ. ತಕರಾರು ತೆಗೆಯುವುದು ಅವನ ಕೆಲಸ. 1918ರ ಮೇ 9ರಂದು ಬಂದ ಹೊಸ ಕಾಯ್ದೆ ಸೈನಿಕರಿಗೆ ಈ ದಾರಿಯನ್ನು ಚಿಕ್ಕದು ಮಾಡಿತು. ಫಸ್ಟ್ ಪೇಪರ್ ಬೇಡ, ಐದು ವರ್ಷದ ಲೆಕ್ಕ ಬೇಡ. ಸೈನ್ಯದಲ್ಲಿರುವ ‘ಯಾವುದೇ ಪರದೇಶಿ’ ಅರ್ಜಿ ಹಾಕಬಹುದು ಅಂತ ಬರೆದಿತ್ತು. ಈ ‘ಯಾವುದೇ’ ಅನ್ನುವ ಮಾತನ್ನು ನಂಬಿ ಎಷ್ಟು ಜನ ಕೆಟ್ಟರೋ!

ಯಾಕೆಂದರೆ ಇನ್ನೊಂದು ಹಳೆಯ ಕಾನೂನು ಹಾಗೇ ಉಳಿದಿತ್ತು. 1790ರದು. ಪೌರತ್ವ ಸಿಗುವುದು ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಎಂದು ಅದು ಹೇಳಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರ ಹೆಸರು ಎಲ್ಲೂ ಇರಲಿಲ್ಲ.

1918ರ ಡಿಸೆಂಬರ್ 9. ಥಿಂದ್ ಸಮವಸ್ತ್ರದಲ್ಲೇ ನಿಂತು ಪೌರತ್ವದ ಸರ್ಟಿಫಿಕೇಟ್ ತೆಗೆದುಕೊಂಡರು. ಡಿಸೆಂಬರ್ 13ಕ್ಕೆ ಅದನ್ನು ರದ್ದು ಮಾಡಿದರು. ಕಾರಣ, ಇವರು ಬಿಳಿಯರಲ್ಲ. ನಾಲ್ಕೇ ದಿನ. ತಮಾಷೆ ಏನು ಗೊತ್ತಾ? ಅದಾದ ಮೂರು ದಿನಕ್ಕೆ, ಡಿಸೆಂಬರ್ 16ರಂದು, ಸೈನ್ಯ ಅವರನ್ನು ಗೌರವದಿಂದ ಬಿಡುಗಡೆ ಮಾಡಿತು. ಆ ಬಿಡುಗಡೆ ಪತ್ರದಲ್ಲಿ ನಡತೆ ಹೇಗೆ ಅನ್ನುವ ಜಾಗದಲ್ಲಿ ‘ಅತ್ಯುತ್ತಮ’ ಅಂತ ಬರೆದಿದ್ದರು. ಒಂದೇ ಸರ್ಕಾರ, ಒಂದೇ ವಾರ, ಎರಡು ಕಾಗದ.

ನನಗೂ ಒಮ್ಮೆ ಒಂದು ಕಚೇರಿ, ಹೆಸರಿನ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂಬ ಒಂದೇ ವಿಷಯಕ್ಕೆ ಮೂರು ತಿಂಗಳು ಅಲೆಸಿತ್ತು. ನಾಲ್ಕನೇ ಸಲ ಹೋದಾಗ ‘ಇನಿಷಿಯಲ್ ಸರಿ ಇದೆ, ಫೋಟೋ ಹಳೆಯದು’ ಅಂದರು. ಹೊಸ ಫೋಟೋ ತೆಗೆಸಿಕೊಂಡು ಮನೆಗೆ ಬಂದೆ. ಥಿಂದ್ ಮನೆಗೆ ಬರಲಿಲ್ಲ. ಪಕ್ಕದ ಆರಿಗನ್ ರಾಜ್ಯಕ್ಕೆ ಹೋಗಿ, 1919ರ ಮೇ ತಿಂಗಳಲ್ಲಿ ಮತ್ತೆ ಅರ್ಜಿ ಹಾಕಿದರು.

ಈ ಸಲ ಪರೀಕ್ಷಕರು ಎರಡು ತಕರಾರು ತಂದರು. ಒಂದು ಬಣ್ಣದ್ದು. ಇನ್ನೊಂದು ಗದರ್ ಗೆಳೆತನದ್ದು. ಸ್ವಲ್ಪ ಮುಂಚೆ ತಾನೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ ದೊಡ್ಡ ಮೊಕದ್ದಮೆ ನಡೆದಿತ್ತು. ತೀರ್ಪಿನ ಹೊತ್ತಿಗೆ ಕೋರ್ಟಿನ ಒಳಗೇ ಗುಂಡು ಹಾರಿತ್ತು. ಅಂಥ ಕಾಲದಲ್ಲಿ ಥಿಂದ್ ಬಚ್ಚಿಡಲಿಲ್ಲ. ಭಾರತ ಭಾರತೀಯರಿಗೆ ಸೇರಬೇಕು, ನಿಜ. ಆದರೆ ಆಯುಧ ಹಿಡಿದು ದಂಗೆ ಏಳುವುದಕ್ಕೆ ನನ್ನ ಬೆಂಬಲ ಇಲ್ಲ ಎಂದರು. ನ್ಯಾಯಾಧೀಶ ವುಲ್ವರ್ಟನ್ ಈ ಮಾತನ್ನು ನಂಬಿದರು. 1920ರ ನವೆಂಬರ್ 18ರಂದು ಎರಡನೇ ಸಲ ಪೌರತ್ವ ಸಿಕ್ಕಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಇಲಾಖೆ ಸುಮ್ಮನಿರಲಿಲ್ಲ. ಕೊಟ್ಟ ಸರ್ಟಿಫಿಕೇಟನ್ನು ‘ಕಾನೂನಿಗೆ ವಿರುದ್ಧವಾಗಿ ಪಡೆದದ್ದು’ ಎಂದು ರದ್ದು ಮಾಡಿಸಲು 1906ರ ಕಾಯ್ದೆಯಲ್ಲಿ ದಾರಿಯಿತ್ತು. ಅದನ್ನು ಹಿಡಿದು ಮೇಲಿನ ಕೋರ್ಟಿಗೆ ಹೋದರು. ಆ ಕೋರ್ಟು ತಾನು ತೀರ್ಮಾನ ಮಾಡದೆ, ಎರಡು ಪ್ರಶ್ನೆ ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿತು. ಮೊದಲನೆಯ ಪ್ರಶ್ನೆ ಇದು: ಪಂಜಾಬಿನ ಅಮೃತಸರದಲ್ಲಿ ಹುಟ್ಟಿದ, ಪೂರ್ತಿ ಭಾರತೀಯ ರಕ್ತದ, ಮೇಲ್ಜಾತಿಯ ಹಿಂದೂ ಒಬ್ಬನು ಬಿಳಿಯ ವ್ಯಕ್ತಿಯೇ? ಎರಡನೆಯದು 1917ರ ವಲಸೆ ಕಾಯ್ದೆಯ ಬಗ್ಗೆ.

ಈ ಎರಡು ಪ್ರಶ್ನೆಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ‘ಸೈನಿಕ’ ಎಂಬ ಪದವೇ ಇಲ್ಲ! ಪೇಟ ಕಟ್ಟಿ ಕವಾಯತು ಮಾಡಿದ ಮನುಷ್ಯ ಫೈಲು ಮೇಲೆ ಮೇಲೆ ಹೋದ ಹಾಗೆ ಸವೆದು ಸವೆದು, ಕೊನೆಗೆ ಒಂದು ಜಾತಿ, ಒಂದು ಊರು, ಒಂದು ರಕ್ತ ಅಷ್ಟೇ ಉಳಿದಿತ್ತು. ಇನ್ನೊಂದು ವಿಚಿತ್ರ. ಥಿಂದ್ ಸಿಖ್ಖರು. ಆಗ ಅಮೆರಿಕದಲ್ಲಿ ಭಾರತದಿಂದ ಬಂದವರಿಗೆಲ್ಲ ‘ಹಿಂದೂ’ ಎನ್ನುತ್ತಿದ್ದರು, ಹಾಗಾಗಿ ಕೋರ್ಟಿನ ಕಾಗದದಲ್ಲೂ ಅವರು ಹಿಂದೂ.

ಅವರ ಕಡೆಯವರ ವಾದದ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಉತ್ತರ ಭಾರತದವರು ಆರ್ಯರು, ಆರ್ಯರು ಕಾಕೇಸಿಯನ್ನರು, ಕಾಕೇಸಿಯನ್ನರು ಬಿಳಿಯರು. ಇದು ವಾದದ ಸರಪಳಿ. ಕಾಕೇಸಿಯನ್ ಅಂದರೆ ಯೂರೋಪಿನವರನ್ನೂ ಸೇರಿಸಿ ಆಗಿನ ವಿದ್ವಾಂಸರು ಒಂದು ಜನಾಂಗಕ್ಕೆ ಇಟ್ಟಿದ್ದ ಹೆಸರು. ಅಷ್ಟಕ್ಕೇ ನಿಲ್ಲಲಿಲ್ಲ. ಮೇಲ್ಜಾತಿಯವರು ಕೆಳಗಿನವರ ಜೊತೆ ಮದುವೆ ಸಂಬಂಧ ಮಾಡುವುದಿಲ್ಲ, ನೀವು ಕರಿಯರನ್ನು ಹೇಗೆ ದೂರ ಇಡುತ್ತೀರೋ ನಾವೂ ಹಾಗೇ ಎಂಬ ಅರ್ಥದ ಮಾತೂ ಆ ವಾದದಲ್ಲಿತ್ತು. ಇದನ್ನು ಓದುವಾಗ ನನಗೆ ಮುಜುಗರ ಆಗುತ್ತದೆ. ಕೋರ್ಟಿನಲ್ಲಿ ಗೆಲ್ಲಬೇಕಾದರೆ ಕಾನೂನು ತೆರೆದ ಕಿಂಡಿಯಲ್ಲೇ ತೂರಬೇಕು, ಒಪ್ಪೋಣ. ಆದರೂ ಊರು ಬಿಟ್ಟು ಏಳು ಸಮುದ್ರ ದಾಟಿದವರ ಗಂಟಿನಲ್ಲಿ ಜಾತಿಯೂ ಹೊರಟು ಬಂದಿತ್ತು, ಬೇಕಾದಾಗ ಹೊರಗೆ ಬಂತು.

ಥಿಂದ್ ಕೇಸಿನ ತೀರ್ಪಿಗೆ ಮೂರು ತಿಂಗಳು ಮುಂಚೆ, 1922ರ ನವೆಂಬರ್‌ನಲ್ಲಿ, ಇದೇ ಸುಪ್ರೀಂ ಕೋರ್ಟು ಟಕಾವೊ ಒಜಾವಾ ಎಂಬ ಜಪಾನಿನವರ ಅರ್ಜಿಯನ್ನು ತಳ್ಳಿಹಾಕಿತ್ತು. ಚರ್ಮದ ಬಣ್ಣ ಮುಖ್ಯವಲ್ಲ, ಬಿಳಿಯ ಎಂದರೆ ಕಾಕೇಸಿಯನ್, ನೀನು ಕಾಕೇಸಿಯನ್ ಅಲ್ಲ ಎಂದಿತ್ತು. ಸರಿ, ಥಿಂದ್ ಕಾಕೇಸಿಯನ್. ಆಗಿನ ಪುಸ್ತಕಗಳೇ ಹೇಳುತ್ತಿದ್ದವು. ಗೆದ್ದರು ಅಂತ ತಾನೇ ಅರ್ಥ? ಇಲ್ಲ. 1923ರ ಫೆಬ್ರವರಿ 19ರಂದು ಬಂದ ತೀರ್ಪು ಹೇಳಿದ್ದೇ ಬೇರೆ. ವಿದ್ವಾಂಸರ ಮಾತು ನಮಗೆ ಬೇಡ, ಬಿಳಿಯ ಎಂದರೆ ಯಾರು ಅಂತ ಸಾಮಾನ್ಯ ಮನುಷ್ಯನಿಗೆ ಗೊತ್ತು. ಹೊಂಬಣ್ಣದ ಕೂದಲಿನ ಸ್ಕ್ಯಾಂಡಿನೇವಿಯಾದವನಿಗೂ ಕಂದು ಬಣ್ಣದ ಹಿಂದೂವಿಗೂ ಯಾವುದೋ ಕಾಲದಲ್ಲಿ ಒಬ್ಬನೇ ಮುತ್ತಾತ ಇದ್ದಿರಬಹುದು, ಈಗ ಇಬ್ಬರೂ ಬೇರೆಯೇ ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಅವರೂ ವಲಸೆ ಬಂದವರೇ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ಉತ್ತರ ಸರಿಯಾಗಿದ್ದಾಗ ಪ್ರಶ್ನೆಯನ್ನೇ ಬದಲಾಯಿಸುವುದು, ಇದು ಎಲ್ಲ ಕಚೇರಿಗಳಿಗೂ ಗೊತ್ತಿರುವ ವಿದ್ಯೆ ಅಲ್ವಾ?

ಪೆಟ್ಟು ಥಿಂದ್ ಒಬ್ಬರಿಗೇ ಬೀಳಲಿಲ್ಲ. ಆಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಸರ್ಟಿಫಿಕೇಟುಗಳನ್ನು ಸರ್ಕಾರ ವಾಪಸ್ ಕೇಳತೊಡಗಿತು. ಪ್ರಜೆಯಾಗಲು ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಇಟ್ಟುಕೊಳ್ಳುವ ಹಾಗಿರಲಿಲ್ಲ. ವೈಷ್ಣೋ ದಾಸ್ ಬಗಾಯ್ ಎಂಬವರು ಪೇಶಾವರದಿಂದ ಹೆಂಡತಿ ಕಲಾ ಮತ್ತು ಮೂರು ಗಂಡುಮಕ್ಕಳ ಜೊತೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದರು. ಅಂಗಡಿ ಇಟ್ಟಿದ್ದರು. 1921ರಲ್ಲಿ ಪ್ರಜೆಯಾಗಿದ್ದರು. ಪೌರತ್ವ ಹೋಯಿತು, ಅಂಗಡಿ ಹೋಯಿತು. ಊರಿಗೆ ಹೋಗಿ ಬರಲು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಅಂದರು. ಯಾರ ಆಳ್ವಿಕೆ ಬೇಡ ಅಂತ ದೇಶ ಬಿಟ್ಟು ಬಂದರೋ ಅವರದೇ ಪಾಸ್‌ಪೋರ್ಟ್. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಹೋಗುವ ಮುಂಚೆ ಒಂದು ಪತ್ರಿಕೆಗೆ ಕಾಗದ ಬರೆದಿಟ್ಟಿದ್ದರು.

ಇಲಾಖೆಗೆ ಅಡ್ಡ ನಿಂತವರು ಥಿಂದ್ ಪರ ವಾದಿಸಿದ್ದ ವಕೀಲ ಸಖಾರಾಮ್ ಗಣೇಶ್ ಪಂಡಿತ್. ಅವರ ಪೌರತ್ವವನ್ನೂ ರದ್ದು ಮಾಡಲು ಸರ್ಕಾರ ಹೊರಟಿತ್ತು. ಅವರು ಜನಾಂಗದ ಗೋಜಿಗೇ ಹೋಗಲಿಲ್ಲ. ಒಮ್ಮೆ ಕೋರ್ಟು ತೀರ್ಮಾನ ಮಾಡಿದ ವಿಷಯವನ್ನು ಮತ್ತೆ ಕೆದಕುವಂತಿಲ್ಲ ಎಂಬ ವಾದ ಹಿಡಿದರು. 1926ರಲ್ಲಿ ಗೆದ್ದರು. ಆಮೇಲೆ ಸರ್ಕಾರ ಉಳಿದ ಕೇಸುಗಳನ್ನು ಕೈಬಿಟ್ಟಿತು.

ಹಾಗಾದರೆ ಸೈನಿಕರಿಗೆ ಅಂತಲೇ ಮಾಡಿದ ಆ ಕಾಯ್ದೆಯ ಗತಿ ಏನಾಯಿತು? ಅದನ್ನು ಕೇಳಿದವರು ಹಿಡೆಮಿಟ್ಸು ಟೊಯೋಟಾ. ಜಪಾನಿನವರು, ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ ಸುಮಾರು ಹತ್ತು ವರ್ಷ ದುಡಿದವರು. 1925ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ‘ಯಾವುದೇ ಪರದೇಶಿ’ ಅಂದರೆ ಯಾವುದೇ ಪರದೇಶಿ ಅಂತ ಅರ್ಥವಲ್ಲ. ಬಣ್ಣದ ನಿಯಮ ಅಲ್ಲೂ ಇದೆ.

ಇನ್ನು ಉಳಿದಿದ್ದು ಕಾನೂನನ್ನೇ ಬದಲಿಸುವುದು. ಅದಕ್ಕಾಗಿ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿದವರು ಟೋಕುಟಾರೊ ಸ್ಲೋಕಮ್, ಜಪಾನಿನಲ್ಲಿ ಹುಟ್ಟಿ ಅಮೆರಿಕದ ಪರ ಫ್ರಾನ್ಸಿನಲ್ಲಿ ಯುದ್ಧ ಮಾಡಿದವರು. 1935ರ ಜೂನ್ 24ರಂದು ನೈ-ಲೀ ಕಾಯ್ದೆ ಬಂತು. ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದ ಏಷ್ಯಾದವರು ಪ್ರಜೆಗಳಾಗಬಹುದು. ಇಡೀ ಏಷ್ಯಾಕ್ಕೆ ಸೇರಿ ಅಂಥವರು ಇದ್ದದ್ದು ಕೆಲವು ನೂರು ಜನ ಅಷ್ಟೇ. ಅಷ್ಟು ಜನಕ್ಕೆ ಬಾಗಿಲು ತೆಗೆಯಲು ಹದಿನೇಳು ವರ್ಷ.

1936ರಲ್ಲಿ ನ್ಯೂಯಾರ್ಕಿನಲ್ಲಿ ಥಿಂದ್ ಅವರಿಗೆ ಮೂರನೇ ಸಲ ಸರ್ಟಿಫಿಕೇಟ್ ಸಿಕ್ಕಿತು. ಕ್ಯಾಂಪ್ ಲೂಯಿಸ್‌ನಲ್ಲಿದ್ದಾಗ ಅವರಿಗೆ 26. ಈಗ 43. ಆರ್ಯ, ಕಾಕೇಸಿಯನ್, ಮೇಲ್ಜಾತಿ ಯಾವುದೂ ಬೇಕಾಗಲಿಲ್ಲ. ಬೇಕಾದದ್ದು ಐದು ತಿಂಗಳ ಸೈನ್ಯದ ನೌಕರಿ. ಅದು ಮೊದಲ ದಿನದಿಂದಲೂ ಅವರ ಕೈಯಲ್ಲೇ ಇತ್ತು.

ಇಷ್ಟೆಲ್ಲ ಆದರೂ ಅವರು ಆ ದೇಶ ಬಿಡಲಿಲ್ಲ. ಪಿಎಚ್‌ಡಿ ಮಾಡಿದರು. ಊರೂರು ಸುತ್ತಿ ಅಧ್ಯಾತ್ಮದ ಉಪನ್ಯಾಸ ಕೊಟ್ಟರು.

ಇವತ್ತಿಗೂ ಅಮೆರಿಕದಲ್ಲಿ ಸೈನಿಕರ ಪೌರತ್ವಕ್ಕೆ ಬೇರೆಯೇ ದಾರಿ ಇದೆ. ಅರ್ಜಿಗೆ ಶುಲ್ಕ ಇಲ್ಲ. ಎನ್-400 ಎಂಬ ಫಾರಂ, ಜೊತೆಗೆ ‘ಈತ ಗೌರವದಿಂದ ಸೇವೆ ಮಾಡುತ್ತಿದ್ದಾನೆ’ ಅಂತ ಸೈನ್ಯ ಸಹಿ ಹಾಕಿ ಕೊಡುವ ಎನ್-426. ಆ ಸಹಿ ಇಲ್ಲದೆ ಏನೂ ನಡೆಯದು. 2008ರ ಕೊನೆಯಲ್ಲಿ, ವೀಸಾದ ಮೇಲಿದ್ದ ಪರದೇಶಿಗಳೂ ಭಾಷೆ ಅಥವಾ ವೈದ್ಯಕೀಯ ಕೌಶಲ ಇದ್ದರೆ ಸೈನ್ಯ ಸೇರಬಹುದು ಅನ್ನುವ ಯೋಜನೆ ಬಂತು. ಮಾವ್ನಿ ಎಂದು ಅದರ ಚಿಕ್ಕ ಹೆಸರು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು, ಭಾರತದಿಂದ ಹೋದ ಹುಡುಗರೂ ಇದ್ದರು. ತರಬೇತಿ ಮುಗಿಯುವ ದಿನವೇ ಎಷ್ಟೋ ಜನ ಪ್ರಜೆಗಳಾದರು. 2016ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. 2017ರಲ್ಲಿ ಎನ್-426ಕ್ಕೆ ಸಹಿ ಬೇಕಾದರೆ 180 ದಿನ ಸೇವೆ ಆಗಿರಬೇಕು, ಕರ್ನಲ್ ದರ್ಜೆಯ ಅಧಿಕಾರಿಯೇ ಸಹಿ ಹಾಕಬೇಕು ಅಂತ ಹೊಸ ನಿಯಮ ಬಂತು. ಸೈನಿಕರು ಕೋರ್ಟಿಗೆ ಹೋದರು. 2020ರಲ್ಲಿ ಕೋರ್ಟು ಆ 180 ದಿನದ ನಿಯಮವನ್ನು ಹೊಡೆದುಹಾಕಿತು.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನೇ ಬದಲಿಸಿತು. ಹುಟ್ಟಿದ ದೇಶ ನೋಡಿ ಕೋಟಾ ಹಂಚುವ ಹಳೆಯ ಪದ್ಧತಿ ಹೋಯಿತು. ಮೈಸೂರು, ಬೆಂಗಳೂರು, ಮಣಿಪಾಲದಲ್ಲಿ ಓದಿದ ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಆಮೇಲೆ ವಿಮಾನ ಹತ್ತಿದ್ದು ಈ ಕಾನೂನಿನಿಂದ. ಅಧ್ಯಕ್ಷ ಜಾನ್ಸನ್ ಅದಕ್ಕೆ ಸಹಿ ಹಾಕಿದ್ದು ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಕೆಳಗೆ, ಅಕ್ಟೋಬರ್ 3ರಂದು. ಥಿಂದ್ ಆಗ ಇನ್ನೂ ಬದುಕಿದ್ದರು. ಅವತ್ತು ಅವರ ಹುಟ್ಟುಹಬ್ಬ. 73 ತುಂಬಿತ್ತು.

ನಮಸ್ಕಾರ.