ಕಪ್ ಗೆದ್ದ ಟೀಮಿಗೂ ಬೀಗ ಬೀಳುತ್ತೆ

ಎಲ್ರಿಗೂ ನಮಸ್ಕಾರ. ಹಿಂದ್ಗಡೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ.

ಅಮೆರಿಕದ ಹೆಂಗಸರ ಬ್ಯಾಸ್ಕೆಟ್‌ಬಾಲ್ ಲೀಗು, ಅದೇ ಡಬ್ಲ್ಯೂಎನ್‌ಬಿಎ, ಅದ್ರ ಬಗ್ಗೆ ಮಾತಾಡಿ ಅಂತ ಕರೆದಿದಾರೆ. ಅಲ್ಲಿ ಸಂಜೆ ಏಳಕ್ಕೆ ಮ್ಯಾಚ್ ಅಂದ್ರೆ ನಮ್ಗೆ ಬೆಳಗಿನ ಜಾವ ನಾಲ್ಕೂವರೆ, ಹಾಲಿನವ್ನು ಬರೋಕ್ ಮುಂಚೆ ಎದ್ದು ಮೊಬೈಲಲ್ಲಿ ನೋಡೋ ಹುಚ್ಚು ನಂದು, ಅದಕ್ಕೇ ಕರೆದ್ರು ಅನ್ಸುತ್ತೆ.

1997ರಲ್ಲಿ ಎಂಟು ಟೀಮ್ ಇಟ್ಕೊಂಡು ಶುರುವಾಗಿದ್ದು. ಮೊದಲ ನಾಲ್ಕು ವರ್ಷಾನೂ ಕಪ್ ಹೊಡೆದಿದ್ದು ಒಂದೇ ಟೀಮು, ಹ್ಯೂಸ್ಟನ್ ಕಾಮೆಟ್ಸ್. ಶೆರಿಲ್ ಸ್ವೂಪ್ಸ್, ಸಿಂಥಿಯಾ ಕೂಪರ್ ಇದ್ದ ಟೀಮ್. ಅಂಥಾ ಟೀಮು 2008ರಲ್ಲಿ ಮುಚ್ಚೋಯ್ತು ಕಣ್ರಮ್ಮ, ಕೊಂಡ್ಕೊಳ್ಳೋರು ಯಾರೂ ಸಿಗ್ಲಿಲ್ಲ ಅಂತ! ಅಷ್ಟೊತ್ತಿಗಾಗ್ಲೇ ಮಯಾಮಿ, ಪೋರ್ಟ್‌ಲ್ಯಾಂಡ್, ಕ್ಲೀವ್‌ಲ್ಯಾಂಡ್, ಶಾರ್ಲಟ್ ಟೀಮ್‌ಗಳೆಲ್ಲಾ ಹೋಗಿದ್ವು. 2000ದಲ್ಲಿ ಹದಿನಾರು ಟೀಮ್ ಇದ್ದಿದ್ದು 2010ಕ್ಕೆ ಹನ್ನೆರಡಕ್ಕೆ ಬಂತು.

ಯಾಕೆ ಹಿಂಗಾಯ್ತು? ಮೊದಮೊದ್ಲು ಈ ಟೀಮ್‌ಗಳು ಗಂಡಸರ ಲೀಗು ಎನ್‌ಬಿಎ ಮನೇಲಿ ಬಾಡಿಗೆಗಿದ್ದಂಗೆ ಇದ್ವು. 2002ರಲ್ಲಿ ರೂಲ್ಸ್ ಬದಲಾಗಿ, ಊರಿನ ಎನ್‌ಬಿಎ ಓನರೇ ಇದನ್ನೂ ನಡೆಸ್ಬೇಕು ಇಲ್ಲಾ ಬೇರೆಯವ್ರಿಗೆ ಮಾರ್ಬೇಕು ಅಂದಾಗ ಕೆಲವು ಓನರ್‌ಗಳು ನಮ್ಗೆ ಬೇಡಪ್ಪಾ ಅಂತ ಕೈ ತೊಳ್ಕೊಂಡ್ರು. ಟೀಮ್ ಚೆನ್ನಾಗ್ ಆಡುತ್ತಾ ಅನ್ನೋದಲ್ಲ, ಲಾಸ್ ಆದ ವರ್ಷ ಜೇಬಿಗೆ ಕೈ ಹಾಕೋರು ಯಾರು ಅನ್ನೋದೇ ಪ್ರಶ್ನೆ.

ಈಗ ಒಂದು ವಿಮಾನದ ಕಥೆ ಹೇಳ್ತೀನಿ. ನಂಗೆ ಇಡೀ ವಿಷ್ಯ ಅರ್ಥ ಆಗಿದ್ದೇ ಇದ್ರಿಂದ. ಆಗೆಲ್ಲಾ ಆಟಗಾರ್ತಿಯರು ಮಾಮೂಲಿ ಫ್ಲೈಟಲ್ಲೇ ಓಡಾಡ್ತಿದ್ರು. ಬ್ರಿಟ್ನಿ ಗ್ರೈನರ್ ಆರಡಿ ಒಂಬತ್ತಿಂಚು, ಅಂಥೋರು ಸೀಟಲ್ಲಿ ಮಂಡಿ ಎಲ್ಲಿಡ್ಬೇಕು ಹೇಳಿ? 2021ರಲ್ಲಿ ನ್ಯೂಯಾರ್ಕ್ ಲಿಬರ್ಟಿ ಓನರ್ ತಮ್ಮ ಹುಡುಗೀರಿಗೆ ಚಾರ್ಟರ್ ಫ್ಲೈಟ್, ಅಂದ್ರೆ ಟೀಮಿಗೇ ಅಂತ ಬಾಡಿಗೆ ವಿಮಾನ, ಮಾಡ್ಸಿದ್ರು. ಅದಕ್ಕೆ ಲೀಗು ಐದು ಲಕ್ಷ ಡಾಲರ್ ಫೈನ್ ಹಾಕ್ತು! ಮೊದ್ಲು ಕೇಳ್ದಾಗ ನಗು ಬಂತು, ಸೌಕರ್ಯ ಮಾಡಿಕೊಟ್ಟಿದ್ದಕ್ಕೆ ದಂಡವಾ ಅಂತ. ಆಮೇಲೆ ಯೋಚ್ನೆ ಮಾಡಿದ್ರೆ ಲೀಗಿನೋರ ಭಯ ಪೂರ್ತಿ ಸುಳ್ಳೂ ಅಲ್ಲ, ಒಬ್ಬ ಶ್ರೀಮಂತ ಓನರ್ ವಿಮಾನ ತಂದ್ರೆ ಮಿಕ್ಕೋರೂ ತರ್ಬೇಕು, ಆಗ್ದೇ ಇದ್ದೋರು ಅಂಗಡಿ ಮುಚ್ತಾರೆ. ಅಂದ್ರೆ ಲೀಗು ಮುಳುಗ್ಬಾರ್ದು ಅಂತ ಹುಡುಗೀರನ್ನ ಇಕ್ಕಟ್ಟಲ್ಲಿ ಕೂರ್ಸಿದ್ರು. ಆ ಸ್ಥಿರತೆಗೆ ಬೆಲೆ ತೆತ್ತಿದ್ದು ಅವ್ರ ಮಂಡಿ.

ಮತ್ತೆ ಸಂಬಳ. ಅಮೆರಿಕದಲ್ಲಿ ಸೀಸನ್ ಮುಗೀತಿದ್ದಂಗೆ ಆಟಗಾರ್ತಿಯರು ಜಾಸ್ತಿ ದುಡ್ಡಿಗೆ ಚಳಿಗಾಲಕ್ಕೆ ರಷ್ಯಾ, ಟರ್ಕಿ ಅಂತ ಹೊರಡ್ತಿದ್ರು. 2015ರಲ್ಲಿ ಲೀಗಿನ ಸ್ಟಾರ್ ಡಯಾನಾ ಟೊರಾಸಿಗೆ ಅವ್ರ ರಷ್ಯಾ ಕ್ಲಬ್ಬು, ನೀನು ಅಮೆರಿಕದಲ್ಲಿ ಆಡ್ಲೇಬೇಡ, ರೆಸ್ಟ್ ತಗೋ ಅಂತ ಅಮೆರಿಕದ ಸಂಬಳಕ್ಕಿಂತ ಜಾಸ್ತಿ ದುಡ್ಡು ಕೊಡ್ತು. ಗ್ರೈನರ್ 2022ರ ಫೆಬ್ರವರೀಲಿ ಮಾಸ್ಕೋ ಏರ್‌ಪೋರ್ಟಲ್ಲಿ ಅರೆಸ್ಟ್ ಆಗಿದ್ದೂ ರಷ್ಯಾದಲ್ಲಿ ಆಡೋಕೆ ಹೋಗೋವಾಗ್ಲೇ. ವಾಪಸ್ ಬಂದಿದ್ದು ಡಿಸೆಂಬರಲ್ಲಿ.

2024ರಿಂದ ಗಾಳಿ ತಿರುಗ್ತು. ಕೇಟ್ಲಿನ್ ಕ್ಲಾರ್ಕ್ ಲೀಗಿಗೆ ಬರೋ ಮುಂಚೆ, ಇನ್ನೂ ಕಾಲೇಜಲ್ಲಿದ್ದಾಗ ಆಡಿದ ಕಾಲೇಜ್ ಫೈನಲ್‌ನ 1.8 ಕೋಟಿಗೂ ಜಾಸ್ತಿ ಜನ ಟೀವೀಲಿ ನೋಡಿದ್ರು, ಆ ವರ್ಷದ ಗಂಡು ಹುಡುಗ್ರ ಫೈನಲ್‌ಗಿಂತ ಜಾಸ್ತಿ. ಎಲ್ಲಾ ಟೀಮಿಗೂ ಚಾರ್ಟರ್ ಬಂತು, 11 ವರ್ಷಕ್ಕೆ ಸುಮಾರು 220 ಕೋಟಿ ಡಾಲರ್‌ನ ಟೀವಿ ಒಪ್ಪಂದ ಆಯ್ತು. 2025ರಲ್ಲಿ ಬಂದ ಹೊಸ ಟೀಮ್ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಕೊಟ್ಟ ಎಂಟ್ರಿ ಫೀಸು 5 ಕೋಟಿ ಡಾಲರ್, ಮುಂದೆ ಬರೋ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾಗೆ ತಲಾ 25 ಕೋಟಿ. ನೋಡಿ, ಕ್ಲೀವ್‌ಲ್ಯಾಂಡು! ಅವತ್ತು ಬಿಟ್ಟಿಗೂ ಬೇಡ ಅಂದ ಊರು.

ಆದ್ರೆ ಕ್ಲಾರ್ಕ್ ಮೊದಲ ವರ್ಷದ ಲೀಗ್ ಸಂಬಳ 76,535 ಡಾಲರ್ ಅಷ್ಟೇ. ಅದಕ್ಕೇ 2025ರ ಆಲ್‌ಸ್ಟಾರ್ ಮ್ಯಾಚಲ್ಲಿ ಎಲ್ರೂ ನಮ್ಗೆ ಬರ್ಬೇಕಾದ್ದು ಕೊಡಿ ಅಂತ ಬರೆದ ಟೀಶರ್ಟ್ ಹಾಕ್ಕೊಂಡು ಬಂದಿದ್ದು. ಕೇಳ್ಲೇಬೇಕಲ್ವಾ ಮತ್ತೆ.

ನಮ್ಮೂರಿಗೆ ಬರೋಣ. 2017ರಲ್ಲಿ ಇಲ್ಲೇ ಕಂಠೀರವ ಇಂಡೋರ್ ಸ್ಟೇಡಿಯಮಲ್ಲಿ ಮಹಿಳಾ ಏಷ್ಯಾ ಕಪ್ ನಡೀತು, ನಮ್ಮೋರು ಡಿವಿಷನ್ ಬಿ, ಅಂದ್ರೆ ಎರಡನೇ ದರ್ಜೆ, ಫೈನಲಲ್ಲಿ ಕಜಕಿಸ್ತಾನನ 75-73ಕ್ಕೆ ಸೋಲಿಸಿದ್ರು. ನಮ್ಮಲ್ಲಿ ಲೀಗಿಗಿಂತ ಗಟ್ಟಿಯಾಗಿರೋದು ಆಟಗಾರ್ತಿಯರಿಗೆ ಕೆಲ್ಸ ಕೊಡೋ ರೈಲ್ವೆ. ನಮ್ಮ ದೇಶದ ಆಟಗಾರ್ತಿ ಗೀತು ಅನ್ನಾ ಜೋಸ್ 2011ರಲ್ಲಿ ಡಬ್ಲ್ಯೂಎನ್‌ಬಿಎ ಟ್ರಯಲ್ಸ್‌ಗೆ ಹೋಗಿದ್ರು, ಕಾಂಟ್ರ್ಯಾಕ್ಟ್ ಸಿಗ್ಲಿಲ್ಲ, ಆದ್ರೆ ಇಲ್ಲಿ ಸದರ್ನ್ ರೈಲ್ವೆ ಇತ್ತು. ಪ್ರಾಕ್ಟೀಸ್‌ಗೆ ಬಿಡೋಕೆ ಬರೋ ಅಮ್ಮಂದಿರು ನನ್ನ ಕೇಳೋ ಮೊದಲ ಪ್ರಶ್ನೆಯೂ ಅದೇ, ಮೇಡಂ ಇದ್ರಿಂದ ಕೆಲ್ಸ ಸಿಗುತ್ತಾ ಅಂತ. ಹಿಂದೆ ಸಿಟ್ಟು ಬರ್ತಿತ್ತು. ಈಗ ಬರಲ್ಲ, ಹ್ಯೂಸ್ಟನ್ ಕಥೆ ಗೊತ್ತಾದ್ಮೇಲೆ.

ಪ್ರಶ್ನೆ ಇದ್ರೆ ಕೇಳಿ. ರೈಲ್ವೆ ಟ್ರಯಲ್ಸ್ ಯಾವಾಗ ಅಂತ ಮಾತ್ರ ಕೇಳ್ಬೇಡಿ, ಗೊತ್ತಾದ ತಕ್ಷಣ ನೋಟಿಸ್ ಬೋರ್ಡಲ್ಲಿ ಹಾಕ್ತೀನಿ.