ಕ್ಯೂಬಿಸಂ ಹೆಸರು ಬಂದಿದ್ದು ಬ್ರಾಕ್‌ನಿಂದ

ನಮಸ್ಕಾರ. ವಸ್ತುಗಳನ್ನು ಚೂರುಗಳಾಗಿ ಬಿಡಿಸಿ ತೋರಿಸುವ ಚಿತ್ರಶೈಲಿ ಕ್ಯೂಬಿಸಂ. ಅದರ ಮಾತು ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಹೆಸರು, ಚಿತ್ರಕಾರ ಪಿಕಾಸೊ. ನಾನೂ ತುಂಬ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಆ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವನ ಜೊತೆಗಾರ ಚಿತ್ರಕಾರ ಜಾರ್ಜ್ ಬ್ರಾಕ್‌ನ ಹೆಸರನ್ನೂ ಬರೆಯಬೇಕು.

ಮೊದಲ ಏಟು ಪಿಕಾಸೊನದೇ, ಒಪ್ಪುತ್ತೇನೆ. 1907ರಲ್ಲಿ ಪ್ಯಾರಿಸ್‌ನಲ್ಲಿ ಅವನು ಸುಮಾರು ಎಂಟು ಅಡಿ ಎತ್ತರದ ಚಿತ್ರ ಬರೆದ. ಐವರು ಹೆಂಗಸರು, ಇಬ್ಬರ ಮುಖವಂತೂ ಮುಖವಾಡದ ಹಾಗೆ. ಟ್ರೊಕಡೆರೊ ಮ್ಯೂಸಿಯಂನಲ್ಲಿ ಅವನು ಆಫ್ರಿಕಾದ ಮುಖವಾಡಗಳನ್ನು ನೋಡಿದ್ದ. ಅವುಗಳನ್ನು ಕೆತ್ತಿದ ಕೈಗಳ ಬಗ್ಗೆ ನಾವು ಮಾತಾಡುವುದೇ ಕಡಿಮೆ, ಅದೂ ನನಗೆ ಬೇಸರದ ವಿಷಯವೇ.

ಆದರೆ ಅದಿನ್ನೂ ಕ್ಯೂಬಿಸಂ ಅಲ್ಲ. 1908ರ ಬೇಸಿಗೆಯಲ್ಲಿ ಬ್ರಾಕ್ ದಕ್ಷಿಣ ಫ್ರಾನ್ಸಿನ ಮಾರ್ಸೇ ಹತ್ತಿರದ ಲೆಸ್ಟಾಕ್ ಎಂಬ ಊರಿಗೆ ಹೋದ. ಹಿಂದೆ ಹಿರಿಯ ಚಿತ್ರಕಾರ ಸೆಜಾನ್ ಕೂತು ಚಿತ್ರ ಬರೆದಿದ್ದ ಊರು ಅದು. ಅಲ್ಲಿ ಬ್ರಾಕ್ ಬರೆದ ಮನೆಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಮೇಲೆ ಆಕಾಶವೂ ಇಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ತಿರಸ್ಕರಿಸಿದರು. ಆ ನವೆಂಬರ್‌ನಲ್ಲಿ ಕಾನ್‌ವೈಲರ್ ಎಂಬ ವ್ಯಾಪಾರಿ ತನ್ನ ಪುಟ್ಟ ಗ್ಯಾಲರಿಯಲ್ಲಿ ತೂಗುಹಾಕಿದ. ವಿಮರ್ಶಕ ವೊಕ್ಸೆಲ್ ನೋಡಿ, ಇವನು ಎಲ್ಲವನ್ನೂ ಘನಾಕೃತಿಗೆ, ಅಂದರೆ ಕ್ಯೂಬ್‌ಗೆ, ಇಳಿಸುತ್ತಾನೆ ಎಂದು ಬರೆದ. ಕ್ಯೂಬಿಸಂ ಎಂಬ ಹೆಸರು ಬಂದಿದ್ದು ಅಲ್ಲಿಂದ. ಅಂದರೆ ಬ್ರಾಕ್‌ನ ಚಿತ್ರಗಳಿಂದ!

ಮುಂದಿನ ಮೂರ್ನಾಲ್ಕು ವರ್ಷ ಇಬ್ಬರೂ ಜೊತೆಯಾಗಿಯೇ ದುಡಿದರು. ಒಂದು ಪಿಟೀಲನ್ನು ಎದುರಿಂದ, ಪಕ್ಕದಿಂದ, ಮೇಲಿಂದ ನೋಡಿ, ಬಿಡಿಸಿ, ಆ ಚೂರುಗಳನ್ನು ಒಂದೇ ಕ್ಯಾನ್ವಾಸಿನ ಮೇಲೆ ಹರಡಿದರು. ಬಣ್ಣ ಕಂದು, ಬೂದು, ಅಷ್ಟೇ. ಇದನ್ನೇ ವಿಶ್ಲೇಷಣಾತ್ಮಕ ಕ್ಯೂಬಿಸಂ ಅನ್ನುತ್ತಾರೆ. ಎಷ್ಟೋ ಚಿತ್ರಗಳ ಮುಂಭಾಗದಲ್ಲಿ ಅವರು ಸಹಿಯನ್ನೂ ಹಾಕಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತುವವರ ಹಾಗಿದ್ದೆವು ಎಂದು ಬ್ರಾಕ್ ಆಮೇಲೆ ನೆನೆದಿದ್ದಾನೆ. ಅಂಥ ಕೆಲಸವನ್ನು ಒಬ್ಬನ ಲೆಕ್ಕಕ್ಕೆ ಬರೆಯುವುದು ಹೇಗೆ?

ನನಗೆ ತುಂಬ ಇಷ್ಟವಾದದ್ದು 1912. ಬ್ರಾಕ್‌ನ ಅಪ್ಪ, ತಾತ ಇಬ್ಬರೂ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಇವನೂ ಅದೇ ಕೆಲಸ ಕಲಿತವನು. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದರೆ ಮರದ ಗೆರೆ ಮೂಡುತ್ತದೆ, ಅದು ಅವನಿಗೆ ಗೊತ್ತಿತ್ತು. ಅಂಗಡಿ ಬೋರ್ಡಿನ ಅಚ್ಚಕ್ಷರವೂ ಗೊತ್ತಿತ್ತು. ಆ ಕಸುಬನ್ನೆಲ್ಲ ಅವನು ಚಿತ್ರಕ್ಕೆ ತಂದ, ಪಿಕಾಸೊಗೂ ಕಲಿಸಿದ. ಆ ಮೇ ತಿಂಗಳಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಹಾಕಿದ. ಸೆಪ್ಟೆಂಬರ್‌ನಲ್ಲಿ ಬ್ರಾಕ್ ಅವಿನ್ಯಾನ್‌ನ ಅಂಗಡಿಯೊಂದರಲ್ಲಿ ಮರದ ವಿನ್ಯಾಸದ ವಾಲ್‌ಪೇಪರ್ ಕೊಂಡ. ಕತ್ತರಿಸಿ ಅಂಟಿಸಿ, ಅದರ ಮೇಲೆ ಇದ್ದಿಲಿನಲ್ಲಿ ಹಣ್ಣಿನ ತಟ್ಟೆ, ಗ್ಲಾಸು ಬರೆದ. ಒಡೆದದ್ದು ಸಾಕು, ಇನ್ನು ಜೋಡಿಸೋಣ ಅನ್ನುವ ಹಾಗೆ. ಇದು ಸಂಶ್ಲೇಷಣಾತ್ಮಕ ಕ್ಯೂಬಿಸಂ. ಹುವಾನ್ ಗ್ರಿಸ್ ಎಂಬ ಚಿತ್ರಕಾರ ಇದಕ್ಕೆ ಚೆಂದದ ಬಣ್ಣ ತುಂಬಿದ.

ಲೆಜೆ, ಡೆಲೊನೆ, ಗ್ಲೇಜ್, ಮೆಟ್ಜಿಂಜೆ ಇವರದ್ದು ಕ್ಯೂಬಿಸ್ಟ್ ಚಿತ್ರಕಾರರಲ್ಲೇ ಬೇರೆ ಗುಂಪು. 1911ರಲ್ಲಿ ಪ್ಯಾರಿಸ್‌ನ ಸಾರ್ವಜನಿಕ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿ ಕೂಗಾಡಿದ್ದು ಇವರ ಚಿತ್ರಗಳನ್ನೇ. ಬ್ರಾಕ್, ಪಿಕಾಸೊ ಅಲ್ಲಿ ಚಿತ್ರ ಇಟ್ಟಿರಲೇ ಇಲ್ಲ.

1914ರ ಆಗಸ್ಟ್ 2ರಂದು ಪಿಕಾಸೊ ಅವಿನ್ಯಾನ್ ಸ್ಟೇಷನ್‌ಗೆ ಹೋಗಿ, ಯುದ್ಧಕ್ಕೆ ಹೊರಟ ಬ್ರಾಕ್‌ನನ್ನು ರೈಲು ಹತ್ತಿಸಿದ. ಮರುವರ್ಷ ಬ್ರಾಕ್‌ನ ತಲೆಗೆ ಭಾರಿ ಪೆಟ್ಟಾಯಿತು. ಅವನು ಮತ್ತೆ ಕುಂಚ ಹಿಡಿದಾಗ 1917. ಇಬ್ಬರ ಜೊತೆ ಕೆಲಸ ಮಾತ್ರ ಮತ್ತೆ ಶುರುವಾಗಲೇ ಇಲ್ಲ.